ದೆವ್ವದ ಕಥೆಗೂ ಒಂದು ಹಲಗೆ ಕೊಡಿ: ಗ್ರಂಥಾಲಯದವರಿಗೆ ಬಹಿರಂಗ ಪತ್ರ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಸಾರ್ವಜನಿಕ ಗ್ರಂಥಾಲಯಗಳ ಅಧಿಕಾರಿಗಳಿಗೆ, ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳ ಮೇಲ್ವಿಚಾರಕರಿಗೆ,

ವಿಷಯ: ವಿಜ್ಞಾನ ಕಥೆ, ಅದ್ಭುತ ಕಥೆ, ದೆವ್ವದ ಕಥೆಗಳನ್ನು ಹೆಣ್ಣಿನ ಕಡೆಯಿಂದ ಓದಲು ಒಂದು ಹಲಗೆ ಮತ್ತು ತಿಂಗಳಿಗೊಂದು ಓದುಕೂಟ ಕೋರಿ.

ಮಾನ್ಯರೇ,

ನಾವು ಕೇಳುತ್ತಿರುವುದು ಕಪಾಟಿನಲ್ಲಿ ಮೂರಡಿ ಉದ್ದದ ಒಂದು ಹಲಗೆ, ತಿಂಗಳಿಗೊಮ್ಮೆ ಒಂದೂವರೆ ಗಂಟೆ ಒಂದು ಕೋಣೆ. ಇಷ್ಟಕ್ಕೆ ಇಷ್ಟುದ್ದದ ಪತ್ರ ಯಾಕೆ ಅಂದರೆ, ಜಾಗ ಕೊಟ್ಟ ಮೇಲೆ ಅಲ್ಲಿ ಏನಿಡಬೇಕು, ಇಟ್ಟದ್ದನ್ನು ಹೇಗೆ ಓದಬೇಕು ಎಂಬ ಯೋಚನೆ ಇಲ್ಲದಿದ್ದರೆ ಇಂಥ ಕೂಟಗಳು ಮೂರನೇ ತಿಂಗಳಿಗೆ ಖಾಲಿ ಕುರ್ಚಿಗಳಾಗುತ್ತವೆ.

ಮೊದಲು ಪುಸ್ತಕಗಳು ಎಲ್ಲೆಲ್ಲಿ ಕೂರುತ್ತವೆ ನೋಡಿ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಜನಪದ ಕಥೆಗೆ 398.2, ಕರ್ನಾಟಕದ ಇತಿಹಾಸಕ್ಕೆ 954.87, ಇಂಗ್ಲಿಷ್ ಕಾದಂಬರಿಗೆ 823, ಅಮೆರಿಕದ್ದಕ್ಕೆ 813. ಹೂವಿನ ಗಿಡವಾಗುವ ಹುಡುಗಿ ಜನಪದಕ್ಕೆ ಹೋದಳು. ಶಾಪ ಹಾಕಿ ಮಡುವಿಗೆ ಹಾರಿದ ಅಲಮೇಲಮ್ಮ ಇತಿಹಾಸಕ್ಕೆ ಹೋದಳು. ತ್ರಿವೇಣಿಯವರ ‘ಶರಪಂಜರ’ದ ನಾಯಕಿ ಕಾವೇರಿ ಸಾಮಾಜಿಕ ಕಾದಂಬರಿಯ ಸಾಲಿಗೆ, ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಎಷ್ಟೋ ಕಡೆ ಮಕ್ಕಳ ಸಂಕ್ಷಿಪ್ತ ಆವೃತ್ತಿಯಾಗಿ ಮಕ್ಕಳ ವಿಭಾಗಕ್ಕೆ. ಸಂಖ್ಯೆಗಳು ತಪ್ಪಲ್ಲ. ಆದರೆ ಹೆಂಗಸರು ಬರೆದ, ಹೆಂಗಸರು ಹೇಳಿಕೊಂಡು ಬಂದ ವಿಚಿತ್ರ ಕಥೆಗಳಿಗೆ ಒಂದು ವಂಶಾವಳಿ ಇದೆ ಎನ್ನುವುದೇ ಹೀಗೆ ಚದುರಿದಾಗ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಮರುವರ್ಗೀಕರಣ ಬೇಡ. ಪುಸ್ತಕದ ಬೆನ್ನಿನ ಮೇಲೆ, ಕರೆ ಸಂಖ್ಯೆಯ ಚೀಟಿಗಿಂತ ಒಂದಿಂಚು ಮೇಲಕ್ಕೆ, ನೇರಳೆ ಬಣ್ಣದ ಒಂದು ಬೊಟ್ಟು ಅಂಟಿಸಿ. ಅದರ ಮೇಲೆ ಪಾರದರ್ಶಕ ಟೇಪು ಹಚ್ಚದಿದ್ದರೆ ಒಂದು ಮಳೆಗಾಲಕ್ಕೇ ಉದುರುತ್ತದೆ. ಪುಸ್ತಕಗಳನ್ನು ದಾಖಲಿಸುವ ಅಕ್ಸೆಶನ್ ರಿಜಿಸ್ಟರಿನ ಷರಾ ಕಾಲಮಿನಲ್ಲಿ ಒಂದು ಗುರುತು ಹಾಕಿ, ಪುಸ್ತಕವನ್ನು ಈ ಹಲಗೆಗೆ ತಂದಿಡಿ. ಮುಂದೆ ಯಾರಾದರೂ ಬೇಡವೆಂದರೆ ಬೊಟ್ಟು ಕಿತ್ತು ಹಳೆಯ ಜಾಗಕ್ಕೆ ಇಟ್ಟರಾಯಿತು. ಮೂರಡಿಗೆ 35–40 ಪುಸ್ತಕ ಹಿಡಿಯುತ್ತವೆ. 25ಕ್ಕೆ ನಿಲ್ಲಿಸಿ, ಎರಡನ್ನು ಮುಖಪುಟ ಕಾಣುವಂತೆ ನಿಲ್ಲಿಸಿ. ಬಿಗಿಯಾಗಿ ತುರುಕಿದ ಸಾಲಿನಿಂದ ಯಾರೂ ಪುಸ್ತಕ ಎಳೆಯುವುದಿಲ್ಲ.

ಈಗ ಓದಿನ ವಿಷಯ. ಶುರು ಮಾಡಬೇಕಾದದ್ದು ರೊಕೆಯಾ ಸಖಾವತ್ ಹೊಸೇನ್ ಅವರ ‘ಸುಲ್ತಾನಾಸ್ ಡ್ರೀಮ್’ ಕಥೆಯಿಂದ. ಬಂಗಾಳದ ಈ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಬರೆದದ್ದು 1905ರಲ್ಲಿ ಮದ್ರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಕಥೆಯ ಹೆಣ್ಣುನಾಡಿನಲ್ಲಿ ಗಂಡಸರು ಮನೆಯೊಳಗೆ, ಹೆಂಗಸರು ಹೊರಗೆ. ಅವರು ಮೋಡದಿಂದ ಬಲೂನು, ಕೊಳವೆ ಹಾಕಿ ನೀರಿಳಿಸುತ್ತಾರೆ. ಸೂರ್ಯನ ಶಾಖವನ್ನು ಕೂಡಿಟ್ಟು ಅಡುಗೆ ಮಾಡುತ್ತಾರೆ, ಯುದ್ಧ ಬಂದಾಗ ಅದನ್ನೇ ಶತ್ರುಸೈನ್ಯದ ಮೇಲೆ ಬಿಡುತ್ತಾರೆ. ಕಚೇರಿ ಕೆಲಸ ದಿನಕ್ಕೆ ಎರಡೇ ಗಂಟೆ. ಅಡುಗೆಮನೆಯಲ್ಲಿ ಹೊಗೆಯೂ ಇಲ್ಲ, ಹೊಗೆಗೂಡೂ ಇಲ್ಲ.

ಈ ಹೊಗೆಯ ವಾಕ್ಯದ ಹತ್ತಿರ ಓದು ನಿಲ್ಲಿಸಬೇಕು. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದದ್ದು 1902ರಲ್ಲಿ, ಅಂದರೆ ಈ ಕಥೆಗೆ ಮೂರು ವರ್ಷ ಮುಂಚೆ. ಆ ಕರೆಂಟು ಸುಮಾರು 150 ಕಿ.ಮೀ. ತಂತಿ ಹಿಡಿದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ರೊಕೆಯಾ ಹೊಸ ಶಕ್ತಿಯನ್ನು ಮೊದಲು ಒಯ್ದದ್ದು ಒಲೆಗೆ. ಹೆಣ್ಣಿನ ಕಡೆಯಿಂದ ವಿಜ್ಞಾನ ಕಥೆ ಓದುವುದು ಅಂದರೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಕಥೆಯಲ್ಲಿ ಬಂದ ಯಂತ್ರ ಮೊದಲು ಯಾರ ಕೆಲಸವನ್ನು ಹಗುರ ಮಾಡಿತು? ಅಂತರಿಕ್ಷ ನೌಕೆ ಇರುವ ಕಾದಂಬರಿಯಲ್ಲೂ ಪಾತ್ರೆ ತೊಳೆಯುವವರು ಯಾರೆಂದು ಹುಡುಕಿ. ಸಿಗದಿದ್ದರೆ, ಆ ಕೆಲಸ ತನ್ನಷ್ಟಕ್ಕೇ ಆಗುತ್ತದೆ ಎಂದು ಬರೆದವರು ಅಂದುಕೊಂಡಿದ್ದಾರೆ ಎಂದೇ ಅರ್ಥ.

ಅದೇ ಕಥೆಯಲ್ಲಿ ಇನ್ನೊಂದು ಸಾಲು. ಹೆಣ್ಣುನಾಡಿನಲ್ಲಿ 21 ವರ್ಷ ತುಂಬದೆ ಮದುವೆ ಇಲ್ಲ. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹ ತಡೆಯಲು ಕಾಯಿದೆ ತಂದಾಗ ಹೆಣ್ಣಿಗೆ ಹಾಕಿದ ಗೆರೆ ಎಂಟು ವರ್ಷ. ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆ. 1929ರ ಸಾರದಾ ಕಾಯಿದೆಯಲ್ಲಿ 14 ಆಯಿತು. ಎಂಟು, ಹದಿನಾಲ್ಕು, ಇಪ್ಪತ್ತೊಂದು ಎಂದು ಬೋರ್ಡಿನ ಮೇಲೆ ಬರೆದು ಎದುರಿಗೆ ಇಸವಿ ಬರೆದರೆ, ‘ಕಲ್ಪನೆ’ ಎಷ್ಟು ಮುಂದೆ ನಿಂತಿತ್ತು ಎಂದು ಪಾಠ ಹೇಳುವ ಅಗತ್ಯ ಇರುವುದಿಲ್ಲ. ಹಾಗೆಂದು ಈ ಕಥೆಗೆ ಆರತಿ ಎತ್ತಬೇಡಿ. ಗಂಡಸರನ್ನು ಒಳಗೆ ಕೂಡಿದರೆ ಕೂಡುವ ಪದ್ಧತಿ ಹೋಯಿತೇ, ಬಾಗಿಲ ಆಚೀಚೆ ಇರುವವರು ಬದಲಾದರೇ? ಆ ನಾಡಿನಲ್ಲಿ ಬಡವಿ ಯಾರು? ಈ ಜಗಳ ಆಗಬೇಕು. ನಗುವೂ ಬೇಕು. ಕಥೆ ಉದ್ದಕ್ಕೂ ತಮಾಷೆ ಮಾಡುತ್ತದೆ. ಒಬ್ಬರೂ ನಗದ ಕೂಟದಲ್ಲಿ ಓದುವ ಧಾಟಿ ಕೆಟ್ಟಿದೆ ಎಂದು ತಿಳಿಯಿರಿ.

ಅದ್ಭುತ ಕಥೆಗೆ ನಾವು ದೂರ ಹೋಗಬೇಕಾಗಿಲ್ಲ. ಮೈಸೂರಿನಲ್ಲೇ ಹುಟ್ಟಿದ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಹೂವಿನ ಗಿಡದ ಹುಡುಗಿಯ ಕಥೆ ಕನ್ನಡದ ಹೆಂಗಸರ ಬಾಯಿಂದ ಬಂದದ್ದು. ಬಡ ಮನೆಯ ಕಿರಿಮಗಳು ಗಿಡವಾಗುತ್ತಾಳೆ, ಅಕ್ಕ ಹೂ ಕೊಯ್ದು ಮಾರುತ್ತಾಳೆ. ಅದಕ್ಕೆ ಕಟ್ಟುನಿಟ್ಟಿನ ವಿಧಾನವಿದೆ: ಎರಡು ಬಿಂದಿಗೆ ನೀರು, ಉಗುರು ತಾಗಬಾರದು, ಕೊಂಬೆ ಮುರಿಯಬಾರದು. ಅಕ್ಕನಿಗೆ ಈ ಎಚ್ಚರವಿದೆ. ಮದುವೆಯಾದ ಅರಸುಮಗ ರಾತ್ರಿ ರಾತ್ರಿ ಗಿಡವಾಗೆಂದು ಹಟ ಹಿಡಿಯುತ್ತಾನೆ, ಹೂ ರಾಶಿ ಬಿದ್ದು ಬಾಡುತ್ತದೆ. ನಾದಿನಿ, ಅವಳ ಗೆಳತಿಯರು ತೋಪಿಗೆ ಕರೆದೊಯ್ದು ಗಿಡ ಮಾಡಿಸಿ, ಕೊಂಬೆ ಮುರಿದು, ನೀರನ್ನು ಹೇಗೆಂದರೆ ಹಾಗೆ ಚೆಲ್ಲಿ ಓಡುತ್ತಾರೆ. ಕೈಕಾಲಿಲ್ಲದ ಅರ್ಧ ದೇಹ ಉಳಿಯುತ್ತದೆ.

ಮಕ್ಕಳಿಗೆ ಹೇಳುವಾಗ ಈ ಕೊನೆಯ ಭಾಗವನ್ನು ಬಿಟ್ಟುಬಿಟ್ಟರೆ ಕಥೆ ಸತ್ತಂತೆ. ಇದನ್ನು ದೇಹದ ಭಯದ ಕಥೆಯಾಗಿ ಓದಿದರೆ ಕಾಣುವುದು ಹೀಗೆ. ಅವಳ ಶಕ್ತಿ ಅವಳದೇ, ಆದರೆ ಮರಳಿ ಮನುಷ್ಯಳಾಗಲು ಇನ್ನೊಬ್ಬರ ಕೈ ಬೇಕು. ಆ ಕೈ ಅಕ್ಕನದಾದಾಗ ಏನಾಯಿತು, ಗಂಡನದಾದಾಗ ಏನಾಯಿತು, ನಾದಿನಿಯದಾದಾಗ ಏನಾಯಿತು ಎಂದು ಮೂರು ಕಾಲಮು ಮಾಡಿ ಬರೆಸಿ. ಒಪ್ಪಿಗೆ ಎಂಬ ಪದವನ್ನು ನಡೆಸುವವರು ಮೊದಲೇ ಉಚ್ಚರಿಸಬಾರದು. ಮೂರನೇ ಕಾಲಮು ತುಂಬುವ ಹೊತ್ತಿಗೆ ಗುಂಪಿನಿಂದಲೇ ಬರುತ್ತದೆ. ಹೆಣ್ಣಿಗೆ ಹೆಣ್ಣೇ ಶತ್ರು ಎಂಬ ಮಾತೂ ಇಲ್ಲೇ ಬರುತ್ತದೆ, ಖಂಡಿತ. ಆಗ ಮೊದಲ ಕಾಲಮಿನ ಅಕ್ಕನನ್ನು ತೋರಿಸಿ.

ಅಲಮೇಲಮ್ಮನ ಐತಿಹ್ಯ ಎರಡೂ ಜಿಲ್ಲೆಗೆ ಸೇರಿದ್ದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು. ಅಲ್ಲಿ ವಿಜಯನಗರದ ಪರವಾಗಿ ಆಳುತ್ತಿದ್ದ ತಿರುಮಲರಾಯನ ಹೆಂಡತಿ ಅಲಮೇಲಮ್ಮನ ಬಳಿಯಿದ್ದ, ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗೆ ಆಳುಗಳು ಬಂದರು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ ಎಂದು ಶಪಿಸಿ ಅವಳು ಕಾವೇರಿಗೆ ಹಾರಿದಳು ಎನ್ನುತ್ತಾರೆ. ಶಾಪ ನಿಜವೇ, ತಲಕಾಡಿನ ಮರಳಿಗೆ ಗಾಳಿ ಕಾರಣವೇ, ನದಿಯ ತಿರುವೇ ಎಂಬ ಚರ್ಚೆಗೆ ಬಿಟ್ಟರೆ ಒಂದೂವರೆ ಗಂಟೆ ಅಲ್ಲೇ ಮುಗಿಯುತ್ತದೆ. ಅದನ್ನು ಬದಿಗಿಟ್ಟು ಶಾಪದ ಕಟ್ಟಡ ನೋಡಿ: ನೆಲ, ನೀರು, ವಂಶ. ಅರಸೊತ್ತಿಗೆ ನಿಂತಿರುವುದೇ ಈ ಮೂರರ ಮೇಲೆ. ಸೈನ್ಯವಿಲ್ಲದವಳು ಗುರಿಯನ್ನು ಎಷ್ಟು ಸರಿಯಾಗಿ ಆರಿಸಿದ್ದಾಳೆ! ಆಮೇಲೆ ಗೆದ್ದವರ ಮನೆಯಲ್ಲೇ ಅವಳ ಮೂರ್ತಿಗೆ ಪೂಜೆ ನಡೆಯಿತು. ಹೆದರಿಕೆ ಪೂಜೆಯಾಗಿ ಬದಲಾದಾಗ ಅವಳ ದೂರು ಏನಾಯಿತು ಎಂದು ಕೇಳಿ. ಚಾಮುಂಡಿ ಬೆಟ್ಟದ ಕೆಳಗೆ ಇರುವವರಿಗೆ ಈ ಪ್ರಶ್ನೆಗೆ ವಿವರಣೆ ಬೇಕಿಲ್ಲ.

ಭಯದ ಕಥೆಗೆ ನಮ್ಮ ಕೈಯಲ್ಲಿರುವ ಅತ್ಯಂತ ಉಪಯೋಗದ ಸಾಧನ ಒಂದು ಪೆನ್ಸಿಲು. ಕಥೆಯ ಹೆಂಗಸು ‘ಇಲ್ಲೇನೋ ಸರಿಯಿಲ್ಲ’ ಎಂದು ಮೊದಲು ಹೇಳಿದ ಪುಟಕ್ಕೆ ಒಂದು ಗುರುತು, ಮನೆಯವರಲ್ಲಿ ಒಬ್ಬರಾದರೂ ಅದನ್ನು ನಂಬಿದ ಪುಟಕ್ಕೆ ಇನ್ನೊಂದು. ನಡುವಿನ ಪುಟ ಎಣಿಸಿ. ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ದಿ ಯೆಲ್ಲೋ ವಾಲ್‌ಪೇಪರ್’ನಲ್ಲಿ ಎರಡನೇ ಗುರುತು ಬರುವುದೇ ಇಲ್ಲ. ಮಗುವಾದ ಮೇಲೆ ಮನಸ್ಸು ಕೆಟ್ಟವಳನ್ನು ವೈದ್ಯನಾದ ಗಂಡನೇ ಮಹಡಿಯ ಕೋಣೆಯಲ್ಲಿ ವಿಶ್ರಾಂತಿಗೆ ಇಡುತ್ತಾನೆ. ಕಿಟಕಿಗೆ ಸರಳು, ಬರೆಯಲು ನಿಷೇಧ, ಗೋಡೆಯ ಹಳದಿ ಕಾಗದದ ಹಿಂದೆ ಒಬ್ಬಳು ತೆವಳುತ್ತಿದ್ದಾಳೆ. ಅಂಥದೇ ವಿಶ್ರಾಂತಿ ಚಿಕಿತ್ಸೆಯನ್ನು ಗಿಲ್ಮನ್ ಸ್ವತಃ ಅನುಭವಿಸಿದ್ದರು.

ಇದರ ಪಕ್ಕದಲ್ಲೇ ತ್ರಿವೇಣಿಯವರ ‘ಶರಪಂಜರ’ ಇಡಿ. ಅದನ್ನು ಯಾರೂ ದೆವ್ವದ ಕಾದಂಬರಿ ಎನ್ನುವುದಿಲ್ಲ, ಅದು ದೆವ್ವದ ಕಾದಂಬರಿ ಅಲ್ಲವೂ ಅಲ್ಲ. ಬಾಣಂತನದಲ್ಲಿ ಬುದ್ಧಿಭ್ರಮಣೆಯಾದ ಕಾವೇರಿ ಗುಣವಾಗಿ ಮನೆಗೆ ಬಂದರೆ, ಗುಣವಾಗಿದ್ದಾಳೆಂದು ಯಾರೂ ನಂಬುವುದಿಲ್ಲ. ಗಿಲ್ಮನ್ ಕಥೆಯಲ್ಲಿ ಕಾಯಿಲೆಯನ್ನು ನಂಬದ ಮನೆ, ಇಲ್ಲಿ ಆರೋಗ್ಯವನ್ನು ನಂಬದ ಮನೆ. ಎರಡರಲ್ಲೂ ಹೆದರಿಸುವುದು ನಂಬದಿರುವುದೇ. ಮನಃಶಾಸ್ತ್ರ ಓದಿದ್ದ ಮೈಸೂರಿನ ಲೇಖಕಿಗೆ ಈ ಜಾಗದಲ್ಲಿ ಹಕ್ಕಿನ ಪೀಠವಿದೆ ಎಂಬುದು ನಮ್ಮ ಅಭಿಪ್ರಾಯ.

‘ಫ್ರಾಂಕೆನ್‌ಸ್ಟೈನ್’ ಬಗ್ಗೆ ಕೊಳ್ಳುವವರಿಗೆ ಒಂದು ಸೂಚನೆ. ಸಂಕ್ಷಿಪ್ತ ಆವೃತ್ತಿ ಬೇಡ. ಬೇಕೇ ಬೇಕೆಂದರೆ, ತಾನು ಸೃಷ್ಟಿಸಿದ ಜೀವಿಗೆ ಜೊತೆಯಾಗಲೆಂದು ಅರ್ಧ ಮಾಡಿದ ಹೆಣ್ಣುಜೀವಿಯನ್ನು ನಾಯಕ ಹರಿದುಹಾಕುವ ಅಧ್ಯಾಯ ಇದೆಯೇ ಎಂದು ನೋಡಿ ಕೊಳ್ಳಿ. ಅವನ ಅಂಜಿಕೆಗಳಲ್ಲಿ ಒಂದು, ಆ ಹೆಣ್ಣುಜೀವಿ ಹುಟ್ಟುವ ಮುಂಚೆಯೇ ಆದ ಒಪ್ಪಂದಕ್ಕೆ ಅವಳು ಒಪ್ಪದಿದ್ದರೆ ಎಂಬುದು. ತೊಟ್ಟಿಲಲ್ಲಿರುವಾಗಲೇ ಸೋದರಮಾವನಿಗೆಂದು ಗೊತ್ತುಮಾಡುತ್ತಿದ್ದ ಸೀಮೆಯಲ್ಲಿ ಈ ಸಾಲನ್ನು ಜೋರಾಗಿ ಓದಿ ಸುಮ್ಮನಿದ್ದರೆ ಸಾಕು. 1818ರ ಮೊದಲ ಮುದ್ರಣದಲ್ಲಿ ನಾಯಕ ಮದುವೆಯಾಗುವ ಎಲಿಜಬೆತ್ ಅವನ ಸೋದರತ್ತೆಯ ಮಗಳು, 1831ರ ತಿದ್ದಿದ ಆವೃತ್ತಿಯಲ್ಲಿ ಸಾಕಿಕೊಂಡ ಅನಾಥೆ. ಎರಡು ಆವೃತ್ತಿ ಬೆರೆತರೆ ಗುಂಪಿನಲ್ಲಿ ಗೊಂದಲ, ಆದ್ದರಿಂದ ಎಲ್ಲ ಪ್ರತಿಯೂ 1818ರದ್ದೇ ಇರಲಿ.

ಆ ಮೊದಲ ಮುದ್ರಣದಲ್ಲಿ ಲೇಖಕಿಯ ಹೆಸರೇ ಇರಲಿಲ್ಲ. ಹೆಸರು ಮುಚ್ಚಿ ಓದುವ ಆಟ ಇದರಿಂದಲೇ ಹೊಳೆಯುತ್ತದೆ: ಎರಡು ಕಥೆಗಳ ಮೊದಲ ಪುಟಗಳನ್ನು ಹೆಸರಿಲ್ಲದೆ ಹಂಚಿ, ಬರೆದವರು ಗಂಡೋ ಹೆಣ್ಣೋ, ಯಾವ ಪದದಿಂದ ಹಾಗನ್ನಿಸಿತು ಎಂದು ಬರೆಸಿ. ಅಮೆರಿಕದ ಜೇಮ್ಸ್ ಟಿಪ್ಟ್ರೀ ಜೂನಿಯರ್ ಅವರ ಬರವಣಿಗೆ ಅಪ್ಪಟ ಗಂಡಸಿನದೆಂದು 1975ರಲ್ಲಿ ರಾಬರ್ಟ್ ಸಿಲ್ವರ್‌ಬರ್ಗ್ ಎಂಬ ಹೆಸರಾಂತ ಲೇಖಕರು ಮುನ್ನುಡಿಯಲ್ಲೇ ಸಾಧಿಸಿದರು. 1977ರ ಹೊತ್ತಿಗೆ ಟಿಪ್ಟ್ರೀ ಅಂದರೆ ಆಲಿಸ್ ಶೆಲ್ಡನ್ ಎಂಬ ಹೆಂಗಸು ಎಂದು ಲೋಕಕ್ಕೆ ತಿಳಿಯಿತು. ಆಟ ಮುಗಿದ ಮೇಲೆ ಇದನ್ನು ಹೇಳಿ, ಮೊದಲೇ ಹೇಳಿದರೆ ಎಲ್ಲರೂ ಜಾಣರಾಗುತ್ತಾರೆ.

ಇಂಗ್ಲಿಷ್ ಓದುವವರು ನಾಲ್ಕೈದು ಜನ ಸಿಕ್ಕರೆ ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ (1979) ತೆಗೆದುಕೊಳ್ಳಿ. 1976ರ ಕಪ್ಪು ಹೆಣ್ಣುಮಗಳು ಗುಲಾಮಗಿರಿಯ ಕಾಲಕ್ಕೆ ಎಳೆಯಲ್ಪಡುತ್ತಾಳೆ, ಯಂತ್ರವಿಲ್ಲ, ವಿವರಣೆಯಿಲ್ಲ, ಕೊನೆಗೆ ಒಂದು ತೋಳು ಹೋಗುತ್ತದೆ. ಅರಮನೆಯ ದೀಪ ನೋಡುತ್ತ ಆ ಕಾಲದಲ್ಲಿ ಹುಟ್ಟಬೇಕಿತ್ತು ಎನ್ನುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆ ಕಾಲದ ಬಾವಿಯಲ್ಲಿ ನೀರು ಸೇದಲು ಯಾರಿಗೆ ಬಿಡುತ್ತಿದ್ದರು ಎಂಬ ಲೆಕ್ಕ ಈ ಕಾದಂಬರಿಯ ನಂತರ ತಾನೇ ಏಳುತ್ತದೆ. ಕೂಟದಲ್ಲಿ ಒಂದೇ ಜಾತಿ, ಒಂದೇ ಬಡಾವಣೆಯ ಜನ ತುಂಬಿದ್ದರೆ ಈ ಚರ್ಚೆ ಸೊರಗುತ್ತದೆ; ಕರಪತ್ರವನ್ನು ಹಾಸ್ಟೆಲುಗಳಿಗೆ, ಗಾರ್ಮೆಂಟ್ಸ್ ಬಸ್ಸು ನಿಲ್ಲುವ ಕಡೆಗೆ, ಸ್ವಸಹಾಯ ಸಂಘಗಳಿಗೆ ಮುಟ್ಟಿಸಿ.

ಎಲ್ಲಿ ಕೆಡುತ್ತದೆ ಎಂದು ಹೇಳುತ್ತೇವೆ. ಒಬ್ಬರು ಪೂರ್ತಿ ಓದಿಕೊಂಡು ಬಂದು ಅರ್ಧ ಗಂಟೆ ಸಾರಾಂಶ ಒಪ್ಪಿಸಿದರೆ ಉಳಿದವರು ಸಭಿಕರಾಗುತ್ತಾರೆ. ಹಾಗಾಗಿ ಕೂಟದಲ್ಲೇ ಓದಬೇಕು: ಎಂಟರಿಂದ ಹನ್ನೆರಡು ಜನ, ಸುತ್ತು ಕುರ್ಚಿ, ಒಬ್ಬೊಬ್ಬರು ಒಂದು ಪುಟ, ಓದಲು ಹಿಂಜರಿಯುವವರಿಗೆ ಒತ್ತಾಯವಿಲ್ಲ. 40 ನಿಮಿಷ ಓದು, 10 ನಿಮಿಷ ಟೀ, 40 ನಿಮಿಷ ಮಾತು. ಮಾತಿನ ಮೊದಲ ಕಾಲು ಗಂಟೆ ಯಾರೂ ಇದು ಇದರ ಸಂಕೇತ ಎನ್ನಬಾರದು. ಗಿಡ ಎಂದರೆ ಗಿಡವೇ, ದೆವ್ವ ಎಂದರೆ ದೆವ್ವವೇ. ಅದರ ನಿಯಮವೇನು, ಖರ್ಚು ಯಾರದು ಎಂದು ಮೊದಲು ತಿಳಿಯಲಿ. ಸಂಕೇತಕ್ಕೆ ಅವಸರ ಮಾಡಿದರೆ ಎಲ್ಲ ಕಥೆಗೂ ಒಂದೇ ಅರ್ಥ ಬಂದು, ಎರಡನೇ ತಿಂಗಳಿಗೆ ಬೇಸರ ಬರುತ್ತದೆ. ಇನ್ನೊಂದು ಕೇಡು, ಕತ್ತಿ ಹಿಡಿದ ನಾಯಕಿ ಸಿಕ್ಕ ಕೂಡಲೇ ಸ್ತ್ರೀವಾದ ಸಿಕ್ಕಿತೆಂದು ಸಂತೋಷಪಡುವುದು. ಅವಳು ಕತ್ತಿ ಬೀಸುವಾಗ ಮನೆಯಲ್ಲಿ ಮಗುವನ್ನು ಎತ್ತಿಕೊಂಡವರು ಯಾರು ಎಂದು ಒಮ್ಮೆ ಕೇಳಿ. ಗಂಡಸರೂ ಬರಲಿ, ಬರಬೇಕು. ಮೊದಲು ಮಾತಾಡುವ ಇಬ್ಬರು ಮಾತ್ರ ಹೆಂಗಸರಾಗಿರಲಿ.

ದೆವ್ವದ ಕಥೆ ಓದುವ ತಿಂಗಳು ಹೆಚ್ಚು ಎಚ್ಚರ ಬೇಕು. 1990ರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದನ್ನು ಕಂಡವರು ಕೂಟದಲ್ಲಿ ಇರುತ್ತಾರೆ. ಬಾಗಿಲು ಬಡಿಯುವ ದೆವ್ವ ಹೆಣ್ಣೇ ಯಾಕೆ, ಬಾಣಂತಿಯಾಗಿ ಸತ್ತವಳೇ ಯಾಕೆ ದೆವ್ವವಾಗಬೇಕು ಎಂಬ ಮಾತಿನಿಂದ, ನಮ್ಮ ಅತ್ತಿಗೆಗೆ ಮೈಮೇಲೆ ಬಂದಿತ್ತು ಎಂಬಲ್ಲಿಗೆ ಎರಡು ನಿಮಿಷದ ದಾರಿ. ನಡೆಸುವವರು ನಿಜ ಸುಳ್ಳು ತೀರ್ಪು ಕೊಡಬಾರದು, ನಗಬಾರದು. ಆದರೆ ದೆವ್ವ ಬಿಡಿಸುವ ಹೆಸರಲ್ಲಿ ಹೊಡೆಯುವುದು 2017ರ ಮೌಢ್ಯ ನಿಷೇಧ ಕಾಯಿದೆಯಡಿ ಅಪರಾಧ ಎಂದು ಸ್ಪಷ್ಟವಾಗಿ ಹೇಳಬೇಕು. ಕಥೆಯಲ್ಲಿ ಮಗುವಿನ ಸಾವು, ಅತ್ಯಾಚಾರ, ಆತ್ಮಹತ್ಯೆ ಇದ್ದರೆ ವಾರದ ಮುಂಚೆ ನೋಟಿಸ್ ಬೋರ್ಡಿನಲ್ಲಿ ಒಂದು ಸಾಲು ಹಾಕಿ. ಎದ್ದು ಹೋಗುವವರನ್ನು ಯಾಕೆಂದು ಕೇಳಬೇಡಿ. ಅದೇ ಬೋರ್ಡಿನಲ್ಲಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಮಹಿಳಾ ಸಹಾಯವಾಣಿ 181 ಬರೆದಿರಲಿ.

ಪುಸ್ತಕದ ಖರ್ಚಿಗೆ ಕಾನೂನೇ ಸಹಾಯ ಮಾಡುತ್ತದೆ. ನಮ್ಮಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷಕ್ಕೆ ಕೃತಿಯ ಮೇಲಿನ ಹಕ್ಕು ಮುಗಿಯುತ್ತದೆ. ಮೇರಿ ಶೆಲ್ಲಿ (1851), ರೊಕೆಯಾ (1932), ಗಿಲ್ಮನ್ (1935) ಎಲ್ಲ ಮುಕ್ತ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಬರಹಗಳು 2024ರ ಜನವರಿಯಿಂದ ಯಾರು ಬೇಕಾದರೂ ಅಚ್ಚು ಹಾಕುವಂತಾಗಿವೆ, ಓದಿ ಧ್ವನಿಮುದ್ರಿಸಬಹುದು. ಎಡವುವುದು ಇಲ್ಲಿ: ಹಳೆಯ ಕಥೆಯ ಹೊಸ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆ, ಹೊಸ ಮುದ್ರಣದ ಮುನ್ನುಡಿ, ಮುಖಪುಟದ ಚಿತ್ರಕ್ಕೆ ಬೇರೆ. ಪುಸ್ತಕವನ್ನು ಹಾಗೆಯೇ ಜೆರಾಕ್ಸ್ ಮಾಡಬೇಡಿ, ಮೂಲ ಪಠ್ಯ ಮಾತ್ರ ಹೊಸದಾಗಿ ಟೈಪ್ ಮಾಡಿಸಿ. ರಾಮಾನುಜನ್ 1993ರಲ್ಲಿ ತೀರಿಕೊಂಡವರು, ಅವರ ಪುಸ್ತಕ ಕೊಂಡೇ ಇಡಬೇಕು. ರೊಕೆಯಾ ಕಥೆಯ ಕನ್ನಡ ರೂಪ 14 ಪಾಯಿಂಟ್ ಅಕ್ಷರದಲ್ಲಿ ಎ5 ಅಳತೆಗೆ 24 ಪುಟದೊಳಗೆ ಕೂರಿಸಬಹುದು. ಆರು ಎ4 ಹಾಳೆ, ನಡುವೆ ಎರಡು ಪಿನ್ನು. ಹದಿನೈದು ಪ್ರತಿಗೆ ತೊಂಬತ್ತು ಹಾಳೆ. ಆಸ್ತಿ ತೆರಿಗೆಯ ಜೊತೆ ಜನ ಕಟ್ಟುವ ಶೇ 6ರ ಗ್ರಂಥಾಲಯ ಕರಕ್ಕೆ ಇದು ಹೊರೆಯಲ್ಲ.

ಸಮಯದ ಬಗ್ಗೆ: ಭಾನುವಾರ ಬೇಡ, ಎಲ್ಲರೂ ಮನೆಯಲ್ಲಿರುವ ದಿನ ಹೆಂಗಸರಿಗೆ ಕೆಲಸ ಜಾಸ್ತಿ. ವಾರದ ನಡುವೆ ಮಧ್ಯಾಹ್ನ 2.30ರಿಂದ 4 ಮನೆಯಲ್ಲಿರುವವರಿಗೆ ಒಗ್ಗುತ್ತದೆ, ದುಡಿಯುವವರಿಗೆ ಶನಿವಾರ ಸಂಜೆಯ ಇನ್ನೊಂದು ಕೂಟ ಬೇಕಾಗುತ್ತದೆ. ಮಂಡ್ಯದ ಹಳ್ಳಿಗಳಲ್ಲಿ ನಾಟಿಯ ತಿಂಗಳು ಬಿಡಿ, ಮೈಸೂರಿನಲ್ಲಿ ದಸರಾ ತಿಂಗಳು ಬಿಡಿ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಬರುವವರು ಕೊನೆಯ ಬಸ್ಸಿಗೆ ಕಾಯುವಂತಾಗಬಾರದು. ಚಿಲಕ ಸರಿಯಿರುವ ಒಂದು ಶೌಚಾಲಯ ಬೇಕು. ಇದಿಲ್ಲದೆ ಮೇಲಿನದೆಲ್ಲ ವ್ಯರ್ಥ.

ಮೊದಲ ತಿಂಗಳು ರೊಕೆಯಾ, ಎರಡನೆಯದು ಹೂವಿನ ಗಿಡ, ಮೂರನೆಯದು ಅಲಮೇಲಮ್ಮ, ನಾಲ್ಕರಲ್ಲಿ ಗಿಲ್ಮನ್, ಐದು ಮತ್ತು ಆರರಲ್ಲಿ ‘ಶರಪಂಜರ’. ರೊಕೆಯಾ ಕಥೆಯ ಅನುವಾದವನ್ನು ನಾವೇ ಹಕ್ಕುಮುಕ್ತವಾಗಿ ಮಾಡಿ ಕೊಡುತ್ತೇವೆ. ನಿಮ್ಮಿಂದ ಬೇಕಾದದ್ದು ಹಲಗೆ, ಕೋಣೆ, ಶೌಚಾಲಯದ ಚಿಲಕ, ಹದಿನೈದು ಪ್ರತಿ, ಮತ್ತು ಈ ಪತ್ರಕ್ಕೆ ಲಿಖಿತ ಉತ್ತರ.

ಇತಿ,
ಮೈಸೂರು ಮತ್ತು ಮಂಡ್ಯದ ಕೆಲವು ಓದುಗರು